ಶಿಗ್ಲಿಯ ನೇಕಾರರ ಕಣ್ಣಿನ ಸುದ್ದಿ

ಗದುಗಿನ ಒಂದು ಛಾಪಖಾನೆಯಲ್ಲಿ ಕರಡು ತಿದ್ದುವುದು ನನ್ನ ಹೊಟ್ಟೆಪಾಡು. ಲಗ್ನಪತ್ರಿಕೆ, ಪರೀಕ್ಷೆಯ ಗೈಡು, ಪುಣ್ಯತಿಥಿಯ ಕಾರ್ಡು, ಯಾವುದೇ ಇರಲಿ, ಅಚ್ಚಿಗೆ ಹೋಗುವ ಮುಂಚೆ ನನ್ನ ಮೇಜಿನ ಮೇಲೆ ಬಂದುಹೋಗಬೇಕು. ಈ ಕೆಲಸಕ್ಕೆ ಬೇಕಾದ ಮುಖ್ಯ ಗುಣ ಅನುಮಾನ. ಅದು ನನಗೆ ಹುಟ್ಟಿನಿಂದಲೇ ಬೇಕಾದಷ್ಟು ಬಂದಿದೆ. ಮನೆಗೆ ಕೀಲಿ ಹಾಕಿದ ಮೇಲೆ ಮೂರು ಸಲ ಜಗ್ಗಿ ನೋಡುತ್ತೇನೆ. ಬಸ್ಸು ಹತ್ತಿದ ಮೇಲೂ ಇದು ನಮ್ಮೂರಿನ ಬಸ್ಸೇ ಹೌದೋ ಎಂದು ಪಕ್ಕದವರನ್ನು ಕೇಳುತ್ತೇನೆ. ಇಷ್ಟೆಲ್ಲ ಹುಷಾರಿಯ ಮನುಷ್ಯನಾದ ನಾನು, ನನ್ನನ್ನು ನಂಬಿ ಒಬ್ಬರು ಹೇಳಿದ್ದ ಗುಟ್ಟನ್ನು ನಾಲ್ಕು ಊರಿಗೆ ಹಂಚಿಬಿಟ್ಟೆ. ಅದನ್ನೂ ಮೂರು ಸಲ ಓದಿ, ಅಲ್ಪವಿರಾಮ ಸರಿಪಡಿಸಿ ಹಂಚಿದೆ.

ಛಾಪಖಾನೆ ಬಿಟ್ಟ ಮೇಲೆ ಸಂಜೆ ಬೆಟಗೇರಿಯ ನಮ್ಮ ಚರ್ಚಿನ ಮಗ್ಗುಲ ಕೋಣೆಯಲ್ಲಿ ನನಗೆ ಇನ್ನೊಂದು ತಿದ್ದುವ ಕೆಲಸವಿತ್ತು. ಇದಕ್ಕೆ ಸಂಬಳವಿಲ್ಲ. ಅಂಚೆ ಪಾಠ ಎಂದು ಕರೆಯುತ್ತಿದ್ದೆವು. ಯೇಸುವಿನ ಜೀವನ ಮತ್ತು ಬೋಧನೆಯ ಮೇಲೆ ಇಪ್ಪತ್ನಾಲ್ಕು ಪಾಠಗಳು. ಯಾರೇ ಒಂದು ಕಾರ್ಡು ಬರೆದು ಕೇಳಿದರೂ ಮೊದಲ ಪಾಠ ಅಂಚೆಯಲ್ಲಿ ಹೋಗುತ್ತಿತ್ತು. ಜೊತೆಗಿದ್ದ ಹಾಳೆಯಲ್ಲಿ ಉತ್ತರ ಬರೆದು ಕಳಿಸಿದರೆ ನಾನು ಕೆಂಪು ಶಾಯಿಯಲ್ಲಿ ತಿದ್ದಿ ಮುಂದಿನ ಪಾಠ ಕಳಿಸುತ್ತಿದ್ದೆ. ಎಲ್ಲ ಮುಗಿಸಿದವರಿಗೆ ಬಣ್ಣದ ಪ್ರಮಾಣಪತ್ರ. ಬರೆಯುವವರಲ್ಲಿ ಕ್ರೈಸ್ತರು ಕಡಿಮೆ. ಕೆಲವರಿಗೆ ಪ್ರಮಾಣಪತ್ರದ ಆಸೆ, ಕೆಲವರಿಗೆ ಹಾಳೆಯ ಮೇಲೆ ‘ಚೆನ್ನಾಗಿ ಬರೆದಿದ್ದೀರಿ’ ಎಂದು ಬರೆಸಿಕೊಳ್ಳುವ ಆಸೆ. ಶಾಲೆ ಬಿಟ್ಟು ಮೂವತ್ತು ವರ್ಷವಾದವರಿಗೆ ಹಾಗೆ ಬರೆದುಕೊಡುವವರು ಬೇರೆ ಯಾರಿದ್ದಾರೆ?

ಉತ್ತರದ ಹಾಳೆಯ ತಳದಲ್ಲಿ ಮೂರು ಖಾಲಿ ಗೆರೆಗಳಿರುತ್ತಿದ್ದವು. ‘ನಿಮಗಾಗಿ ನಾವು ಏನೆಂದು ಪ್ರಾರ್ಥಿಸಬೇಕು?’ ಎಂದು ಅದರ ಮೇಲೆ ಅಚ್ಚಾಗಿರುತ್ತಿತ್ತು. ಪಾಠದ ಪ್ರಶ್ನೆಗೆ ಒಂದೊಂದೇ ಶಬ್ದ ಬರೆದವರು ಇಲ್ಲಿ ಮಾತ್ರ ಗೆರೆ ದಾಟಿ, ಹಾಳೆಯ ಅಂಚು ಹತ್ತಿ, ಹಿಂಬದಿಗೂ ಇಳಿಯುತ್ತಿದ್ದರು. ಎಮ್ಮೆ ಗಬ್ಬ ನಿಲ್ಲುತ್ತಿಲ್ಲ. ಸಿಂಗಟಾಲೂರಿನ ಕಾಲುವೆಯ ನೀರು ನಮ್ಮ ಹೊಲದ ಮಟ್ಟಕ್ಕೂ ಬರಲಿ. ಅತ್ತೆಯ ಮನಸ್ಸು ಕರಗಲಿ. ಒಮ್ಮೆ ಅದೇ ಊರಿನಿಂದ ಸೊಸೆಯ ಮನಸ್ಸು ಕರಗಲಿ ಎಂಬ ಬೇಡಿಕೆಯೂ ಬಂದು, ಎರಡೂ ಹಾಳೆಯ ವಿಳಾಸ ಒಂದೇ ಇದ್ದದ್ದು ನೋಡಿ ನಾನು ಗಾಬರಿಯಾದೆ. ಅಂಚಿನಲ್ಲಿ ಬರೆದದ್ದು ಹಾಗೇ ಇದೆ, ಲಕೋಟೆ ಅದಲುಬದಲಾದರೆ ಗತಿಯೇನು ಎಂದು ಎರಡನ್ನೂ ಒಂದು ವಾರ ಅಂತರವಿಟ್ಟು ಅಂಚೆಗೆ ಹಾಕಿದೆ.

ಈ ಮೂರು ಗೆರೆಗಳಿಗೆ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ನನಗೆ ಕೆಲಸ ಕಲಿಸಿದವರು ಕನ್ನಡ ಶಾಲೆಯಿಂದ ನಿವೃತ್ತರಾಗಿದ್ದ ಒಬ್ಬ ಶಿಕ್ಷಕಿ, ನಮ್ಮೆಲ್ಲರ ಅಕ್ಕೋರು. ಲಕೋಟೆ ಒಡೆದ ಕೂಡಲೇ ಅವರು ಹಾಳೆಯ ತಳದ ಪಟ್ಟಿಯನ್ನು ಕತ್ತರಿಯಿಂದ ಕತ್ತರಿಸಿ ಬೇರೆ ಇಡುತ್ತಿದ್ದರು. ತಿದ್ದುವುದು ಮುಗಿದ ಮೇಲೆ ಪಟ್ಟಿಗಳನ್ನು ಒಂದೊಂದಾಗಿ ನಾವಿಬ್ಬರೇ ಓದಿ, ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದೆವು. ಆಮೇಲೆ ಅವು ಚಹಾದ ಒಲೆಗೆ ಹೋಗುತ್ತಿದ್ದವು. ರವಿವಾರದ ಸಭೆಯಲ್ಲಿ ಇವನ್ನು ಓದಿದರೆ ಇನ್ನೂ ಹೆಚ್ಚು ಮಂದಿ ಪ್ರಾರ್ಥಿಸಬಹುದಲ್ಲ ಎಂದು ನಾನು ಹೊಸದರಲ್ಲಿ ಒಮ್ಮೆ ಕೇಳಿದ್ದೆ.

“ಎರಡ ಮಂದಿ ಸಾಕಲೇ ತಮ್ಮಾ. ದೇವರ ಕಿವಿ ಛಲೋ ಅದಾವ. ಕೆಟ್ಟದ್ದು ಮಂದಿ ಕಿವಿ.”

ಅವರು ತೀರಿಕೊಂಡ ಮೇಲೆ ಆ ಇನ್ನೊಬ್ಬರ ಜಾಗಕ್ಕೆ ನನ್ನ ಹೆಂಡತಿ ಬಂದಳು.

ಶಿಗ್ಲಿಯ ನೇಕಾರರು ನಮ್ಮ ಅತ್ಯಂತ ಹಳೆಯ ವಿದ್ಯಾರ್ಥಿ. ಕೈಮಗ್ಗದ ಮೇಲೆ ಸೀರೆ ನೇಯುವವರು, ನನಗಿಂತ ಹತ್ತು ವರ್ಷಕ್ಕೆ ಹಿರಿಯರು. ಇಪ್ಪತ್ನಾಲ್ಕೂ ಪಾಠ ಮುಗಿಸಿದಾಗ ಪ್ರಮಾಣಪತ್ರ ಕಳಿಸಿದೆವು. ‘ಮುಟ್ಟಿತು. ಮತ್ತೆ ಮೊದಲಿನಿಂದ ಕಳಿಸಿರಿ’ ಎಂದು ಕಾರ್ಡು ಬಂತು. ಎರಡನೇ ಸುತ್ತು ಮುಗಿಯಿತು, ಮೂರನೆಯದೂ ಮುಗಿಯಿತು. ಇದರ ಅರ್ಥವೇನಿರಬಹುದು, ನಮ್ಮ ಸಭೆಗೆ ಸೇರುವ ಮನಸ್ಸೇನಾದರೂ ಇದೆಯೋ ಎಂದು ನಾನು ಸುತ್ತುಬಳಸಿ ಬರೆದು ಕೇಳಿದೆ. ಉತ್ತರ ನೇರವಾಗಿತ್ತು: ‘ಮನೆದೇವರಿಗೂ ದೀಪ ಹಚ್ಚುತ್ತೇನೆ, ನಿಮ್ಮ ಪಾಠವನ್ನೂ ಓದುತ್ತೇನೆ. ಎರಡಕ್ಕೂ ಜಗಳ ಹಚ್ಚಬೇಡಿರಿ.’ ನಾನು ಹಚ್ಚಲಿಲ್ಲ. ಪಾಠ ಕಳಿಸುತ್ತ ಹೋದೆ.

ನಾಲ್ಕನೇ ಸುತ್ತಿನಲ್ಲಿ ಅವರ ಅಕ್ಷರಗಳು ದೊಡ್ಡವಾಗತೊಡಗಿದವು. ಒಂದು ಸಾಲಿಗೆ ಎಂಟು ಶಬ್ದ ಹಿಡಿಸುತ್ತಿದ್ದ ಕೈ ಐದಕ್ಕೆ ಬಂತು, ಆಮೇಲೆ ಮೂರಕ್ಕೆ. ಸಾಲು ಗೆರೆ ಬಿಟ್ಟು ಇಳಿಯುತ್ತಿತ್ತು. ದಿನವಿಡೀ ಅಕ್ಷರ ನೋಡುವವನಿಗೆ ಅದರ ಅರ್ಥ ಯಾರೂ ಹೇಳಬೇಕಾಗಿರಲಿಲ್ಲ. ನಾಲ್ಕಾರು ತಿಂಗಳ ನಂತರ ತಳದ ಗೆರೆಗಳಲ್ಲಿ ಅವರೇ ಬರೆದರು. ಬಲಗಣ್ಣು ಮಂದವಾಗಿದೆ, ಎಡಗಣ್ಣಿಗೂ ಹತ್ತಿದೆ. ಗದುಗಿನಲ್ಲಿ ತೋರಿಸಿದ್ದಾಯಿತು. ಇದು ಆಪರೇಶನ್ನಿನಿಂದ ಸರಿಹೋಗುವಂಥದ್ದಲ್ಲ, ಹನಿ ಹಾಕುತ್ತ ತಡೆಹಿಡಿಯಬೇಕು ಅಷ್ಟೇ ಎಂದಿದ್ದಾರೆ. ಅಂಚಿನ ಎಳೆಗಳನ್ನು ಬೆರಳಿನಿಂದ ಎಣಿಸಿ ನೇಯುತ್ತಿದ್ದೇನೆ. ಯಾರ ಮುಂದೆಯೂ ಹೇಳಿಲ್ಲ.

ಹೇಳದಿರುವುದಕ್ಕೆ ಕಾರಣವನ್ನೂ ಬರೆದಿದ್ದರು. ಅವರಿಗೆ ನೂಲು ಮತ್ತು ಹಾಸು ಕೊಡುತ್ತಿದ್ದವರು ಲಕ್ಷ್ಮೇಶ್ವರದ ಒಬ್ಬ ಸೀರೆ ಸಾವಕಾರರು. ಮಗ್ಗಕ್ಕೆ ಉದ್ದಕ್ಕೆ ಹೂಡುವ ನೂಲೇ ಹಾಸು. ಸಾವಕಾರರಿಂದ ಅದು ಬಂದರೆ ಕೆಲಸ ಬಂದಂತೆ. ಲಗ್ನದ ಸೀರೆಯ ಹಾಸನ್ನು ಅವರು ಕಣ್ಣು ಚುರುಕಿದ್ದವರಿಗೇ ಕೊಡುತ್ತಿದ್ದರು. ಸುದ್ದಿ ಮುಟ್ಟಿದರೆ ಮರುದಿನದಿಂದ ಆ ಹಾಸು ಬೇರೆ ಮನೆಗೆ ಹೋಗುತ್ತದೆ. ಎರಡು ವರ್ಷ ಆ ಪಟ್ಟಿಗಳನ್ನು ನಾನೂ ನನ್ನ ಹೆಂಡತಿಯೂ ಓದಿ, ಪ್ರಾರ್ಥಿಸಿ, ಸುಟ್ಟೆವು.

ಅಷ್ಟರಲ್ಲಿ ಅಂಚೆ ಪಾಠವೇ ಸೊರಗುತ್ತ ಬಂದಿತ್ತು. ಸೊರಗುವುದು ನಮಗೆ ಹೊಸದಲ್ಲ. ನನ್ನ ಚಿಕ್ಕಂದಿನಲ್ಲಿ ನಮ್ಮವರು ಊರೂರಿಗೆ ಯಂತ್ರ ಒಯ್ದು, ಧೋತರ ಕಟ್ಟಿ, ಯೇಸುವಿನ ಚಿತ್ರ ತೋರಿಸುತ್ತಿದ್ದರು. ನೋಡಲು ಬೇರೇನೂ ಇಲ್ಲದ್ದರಿಂದ ಊರೆಲ್ಲ ಬರುತ್ತಿತ್ತು. ಮನೆಮನೆಗೆ ಟೀವಿ ಬಂದ ಮೇಲೆ ಧೋತರದ ಮುಂದೆ ನಾಯಿಗಳು ಉಳಿದವು. ಆಮೇಲೆ ಕ್ಯಾಸೆಟ್ಟು ಹಂಚಿದೆವು, ಅದಾದ ಮೇಲೆ ಸೀಡಿ. ಒಮ್ಮೆ ಮುಂಡರಗಿ ಹಾದಿಯಲ್ಲಿ ಬಸ್ಸಿನ ಕಿಟಕಿಯಿಂದ ನೋಡುತ್ತೇನೆ, ನಾವು ಹಂಚಿದ ಸೀಡಿಗಳು ಜೋಳದ ಹೊಲದಲ್ಲಿ ದಾರಕ್ಕೆ ನೇತಾಡುತ್ತ ಬಿಸಿಲಿಗೆ ಥಳಥಳಿಸಿ ಗುಬ್ಬಿಗಳನ್ನು ಓಡಿಸುತ್ತಿವೆ. ನಮ್ಮ ಸುವಾರ್ತೆ ಅಷ್ಟು ಎತ್ತರದಲ್ಲಿ ಹೊಳೆದದ್ದನ್ನು ನಾನು ಮತ್ತೆ ಕಂಡಿಲ್ಲ.

ಹೊಸದಾಗಿ ವರ್ಗವಾಗಿ ಬಂದ ಅಯ್ಯನವರು, ಅಂದರೆ ನಮ್ಮ ಸಭಾಪಾಲಕರು, ಕಮಿಟಿಯ ಕೂಟದಲ್ಲಿ ಅಂಚೆ ಪಾಠದ ಮಾತೆತ್ತಿದರು.

“ಮಾಸ್ತರ್ರ, ಹೋದ ತಿಂಗಳ ಎಷ್ಟು ಹಾಳಿ ಬಂದಾವ್ರಿ?”

“ಹನ್ನೊಂದ್ರಿ.”

“ಅದರಾಗ ನಾಲ್ಕು ಆ ಶಿಗ್ಲಿ ನೇಕಾರಂದs ಇರ್ತಾವ ತಗೋರಿ,” ಎಂದು ಕಮಿಟಿಯ ಹಿರಿಯರೊಬ್ಬರು ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರ ಅಂದಾಜು ಒಂದರಿಂದ ತಪ್ಪಿತ್ತು, ಬಂದದ್ದು ಮೂರು.

“ಮೊಬೈಲಿನ್ಯಾಗ ಒಂದು ಗ್ರೂಪ್ ಮಾಡೂಣ್ರಿ,” ಎಂದರು ಅಯ್ಯನವರು. “ಪಾಠ ನೀವs ಓದಿ ದನಿ ಹಾಕ್ರಿ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಎಲ್ಲಾ ಕಡಿಗೂ ಒಂದs ನಿಮಿಷಕ್ಕ ಮುಟ್ಟತೇತಿ.”

ನಾನು ನನ್ನ ಚಿಂತೆಗಳನ್ನೆಲ್ಲ ಮುಂದಿಟ್ಟೆ. ಬ್ಯಾಟರಿ ಮುಗಿದರೆ? ಯಾರಾದರೂ ಕೆಟ್ಟ ಚಿತ್ರ ಹಾಕಿದರೆ? ನಾನು ಓದುವಾಗ ಕೆಮ್ಮು ಬಂದರೆ? ನಿಜವಾಗಿ ಚಿಂತಿಸಬೇಕಾದದ್ದು ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ.

ನನ್ನ ಹೆಂಡತಿಗೆ ಈ ಸುದ್ದಿ ಹೇಳಿದಾಗ, “ಮನ್ಯಾಗ ನೀವು ಮಾತಾಡಿದ್ರ ನಾವs ಕೇಳೂದಿಲ್ಲ, ಫೋನಿನ್ಯಾಗ ಯಾರ ಕೇಳ್ತಾರ್ರಿ?” ಎಂದಳು. ಆದರೆ ಕೇಳಿದರು. ಗುಂಪು ಬೆಳೆಯಿತು. ಪಾಠ ಹಾಕಿದ ಐದು ನಿಮಿಷದಲ್ಲಿ ಮುಗಿದ ಕೈಗಳ ಚಿತ್ರಗಳು ಸಾಲುಗಟ್ಟಿ ಬರುತ್ತಿದ್ದವು. ಹತ್ತಿಪ್ಪತ್ತು ವರ್ಷ ಕೆಂಪು ಶಾಯಿಯಲ್ಲಿ ಬೇರೆಯವರಿಗೆ ‘ಚೆನ್ನಾಗಿ ಬರೆದಿದ್ದೀರಿ’ ಎಂದು ಬರೆದವನಿಗೆ ಈಗ ಯಾರ್‍ಯಾರೋ ‘ಚೆನ್ನಾಗಿ ಓದಿದ್ದೀರಿ’ ಎನ್ನತೊಡಗಿದ್ದರು. ಛಾಪಖಾನೆಯಲ್ಲೂ ಮೇಜಿನ ಕೆಳಗೆ ಫೋನು ತೆಗೆದು ನೋಡುವ ಚಟ ಹತ್ತಿತು. ಆ ವಾರ ಒಂದು ಲಗ್ನಪತ್ರಿಕೆಯಲ್ಲಿ ಮುಹೂರ್ತದ ದಿನವೇ ತಪ್ಪಾಗಿ ಅಚ್ಚಾಯಿತು. ಸೋಮವಾರದ ಮದುವೆಗೆ ರವಿವಾರವೇ ಮಂದಿ ಬಂದುಬಿಡುತ್ತಿದ್ದರು, ಪುಣ್ಯಕ್ಕೆ ಮಾಲೀಕರ ಕಣ್ಣಿಗೆ ಬಿತ್ತು.

ಶಿಗ್ಲಿಯ ನೇಕಾರರಿಗೂ ಅಳಿಯ ಒಂದು ಹಳೆಯ ಫೋನು ಕೊಟ್ಟಿದ್ದ. ಅವರೂ ಗುಂಪಿಗೆ ಬಂದರು. ಇಷ್ಟು ವರ್ಷಗಳಲ್ಲಿ ನಾವು ಮೊದಲ ಸಲ ಮಾತಾಡಿದ್ದು ಆಗಲೇ.

“ಮಾಸ್ತರ್ರ, ಇನ್ನ ಓದೂ ತ್ರಾಸ ಇಲ್ರಿ. ಲಾಳಿ ಹೊಡಕೋತ ಕೇಳ್ತೇನಿ. ಆದ್ರ ನಿಮ್ಮ ದನಿ ಹಿಂಗ ಯಾಕೈತ್ರಿ? ಜ್ವರ ಬಂದವರಂಗ ಓದ್ತೀರಲ್ಲ!”

“ಹೆದರಿಕಿರಿ ಯಜಮಾನ್ರ. ತಪ್ಪಾದ್ರ ಅಂತ.”

“ಕೇಳಾವ್ರು ನಾವು ಅದೇವಿ. ನೀವು ಯಾಕ ಹೆದರ್ತೀರಿ?”

ಹೊಸದನ್ನೆಲ್ಲ ಹಳಿಯಲು ನಾನು ಕುಳಿತಿಲ್ಲ. ಓದಲಾಗದ ಮನುಷ್ಯನಿಗೆ ಮಗ್ಗದ ಬಳಿಯೇ ಪಾಠ ಕೇಳಿಸಿದ್ದು ಆ ಫೋನೇ. ನನ್ನ ಕೆಂಪು ಶಾಯಿಯಿಂದ ಅದು ಆಗುತ್ತಿರಲಿಲ್ಲ.

ಆದರೆ ಗುಂಪಿನಲ್ಲಿ ಕತ್ತರಿಸಿ ತೆಗೆಯಲು ತಳದ ಪಟ್ಟಿ ಇರಲಿಲ್ಲ. ಜನ ತಮ್ಮ ಪ್ರಾರ್ಥನೆಯ ವಿಷಯವನ್ನು ಎಲ್ಲರ ಮುಂದೆಯೇ ಬರೆಯುತ್ತಿದ್ದರು. ಒಬ್ಬರಿಗೆ ಮಂಡಿನೋವು ಎಂದರೆ ಸಂಜೆಯೊಳಗೆ ನೂರು ಮುಗಿದ ಕೈ. ನೋಡುತ್ತ ನೋಡುತ್ತ ನನ್ನ ತಲೆಯಲ್ಲಿ ಒಂದು ಲೆಕ್ಕ ಬೇರೂರಿತು. ಕೆಸರಿನಲ್ಲಿ ಹೂತ ಬಸ್ಸನ್ನು ಇಬ್ಬರು ನೂಕುವುದಕ್ಕಿಂತ ನೂರು ಮಂದಿ ನೂಕಿದರೆ ಬೇಗ ಮೇಲೆ ಬರುತ್ತದಲ್ಲ, ಪ್ರಾರ್ಥನೆಯೂ ಹಾಗೆಯೇ ಎಂದು. ಅಕ್ಕೋರು ಇದ್ದಿದ್ದರೆ ಇದನ್ನೂ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದರು.

ಒಂದು ಮಧ್ಯಾಹ್ನ ಊಟದ ಬಿಡುವಿನಲ್ಲಿ ನೇಕಾರರ ಫೋನು ಬಂತು. ದನಿ ಸಣ್ಣಗಿತ್ತು.

“ಹೋದ ವಾರ ಸೆರಗಿನ್ಯಾಗ ಎರಡು ಎಳಿ ತಪ್ಪಿದ್ವುರಿ. ಬಿಚ್ಚಿ ಮತ್ತ ನೇಯ್ದೆ, ಯಾರಿಗೂ ಗೊತ್ತಾಗಲಿಲ್ಲ. ಈ ಸಲ ಸ್ವಲ್ಪ ಜೋರ ಪ್ರಾರ್ಥನಾ ಮಾಡ್ರಿ ಮಾಸ್ತರ್ರ.”

ಜೋರು ಎಂದರೆ ಎಷ್ಟು ಎಂದು ನಾನು ಕೇಳಲಿಲ್ಲ. ಡಬ್ಬಿಯ ರೊಟ್ಟಿ ಹಾಗೇ ಬಿಟ್ಟು ಗುಂಪಿಗೆ ಬರೆದೆ: ‘ಶಿಗ್ಲಿಯ ನೇಕಾರ ಸಹೋದರರೊಬ್ಬರ ದೃಷ್ಟಿ ದಿನೇ ದಿನೇ ಮಂದವಾಗುತ್ತಿದೆ. ಮಗ್ಗವೇ ಅವರ ಜೀವನ. ಅವರ ಕಣ್ಣುಗಳಿಗಾಗಿ, ದಯವಿಟ್ಟು, ಎಲ್ಲರೂ ಪ್ರಾರ್ಥಿಸಿರಿ.’ ‘ದಯವಿಟ್ಟು’ವಿನ ಎರಡೂ ಕಡೆ ಅಲ್ಪವಿರಾಮ ಬೇಕೋ ಬೇಡವೋ ಎಂದು ಬಹಳ ಹೊತ್ತು ಯೋಚಿಸಿದೆ. ಹೆಸರು ಹಾಕಲಿಲ್ಲ. ಹೆಸರು ಹಾಕದಷ್ಟು ಸೂಕ್ಷ್ಮ ನನ್ನಲ್ಲಿದೆ ಎಂದು ಸ್ವಲ್ಪ ಹೆಮ್ಮೆಯೂ ಆಯಿತು.

ಸಂಜೆಯೊಳಗೆ ಅದು ಶಿರಹಟ್ಟಿಗೂ ಮುಂಡರಗಿಗೂ ಹೋಗಿ, ಬೇರೆ ಬೇರೆ ಗುಂಪುಗಳನ್ನು ಸುತ್ತಿ, ನನಗೇ ವಾಪಸು ಬಂತು. ಯಾರೋ ಅದಕ್ಕೆ ಉದಯಿಸುವ ಸೂರ್ಯನನ್ನೂ ಕಣ್ಣೀರು ತುಂಬಿದ ದೊಡ್ಡ ಕಣ್ಣನ್ನೂ ಜೋಡಿಸಿದ್ದರು. ನಾನು ಅದನ್ನು ಸಂಭ್ರಮದಿಂದ ಹೆಂಡತಿಗೆ ತೋರಿಸಿದೆ. ಅವಳು ಓದಿ ಫೋನು ಕೆಳಗಿಟ್ಟಳು.

“ಅವರಿಗೆ ಕೇಳಿದ್ರೇನು?”

“ಹೆಸರ ಹಾಕಿಲ್ಲಲ್ಲ.”

“ಶಿಗ್ಲ್ಯಾಗ ನಮ್ಮ ಪಾಠ ಕೇಳೂ ನೇಕಾರರು ಎಷ್ಟು ಮಂದಿ ಅದಾರ್ರಿ?”

ಒಬ್ಬರೇ. ಅದು ನಮ್ಮ ಕಮಿಟಿಗೆ ಗೊತ್ತು, ಶಿಗ್ಲಿಯ ಪೋಸ್ಟ್‌ಮನ್‌ಗೆ ಗೊತ್ತು, ಅವರ ಓಣಿಗೆಲ್ಲ ಗೊತ್ತು. ಒಡನೆಯೇ ನಮ್ಮ ಗುಂಪಿನಿಂದ ಅದನ್ನು ಅಳಿಸಿದೆ. ಮಂದಿ ಮುಂದಕ್ಕೆ ಕಳಿಸಿದ್ದನ್ನು ಅಳಿಸುವುದು ನನ್ನ ಕೈಯಲ್ಲಿರಲಿಲ್ಲ. ಛಾಪಖಾನೆಯಲ್ಲಿ ತಪ್ಪು ಕಂಡರೆ ಓಡಿಹೋಗಿ ಯಂತ್ರ ನಿಲ್ಲಿಸಬಹುದು. ಅಚ್ಚಾಗಿದ್ದರೆ ಚೀಟಿ ಅಂಟಿಸಬಹುದು. ಇಲ್ಲಿ ಎಲ್ಲಿಗೆ ಓಡಬೇಕೆಂದೇ ತಿಳಿಯಲಿಲ್ಲ.

ಹತ್ತು ದಿನ ನೇಕಾರರಿಂದ ಫೋನಿಲ್ಲ. ನಾನು ಮಾಡಿದರೆ ಎತ್ತಲಿಲ್ಲ. ಎರಡನೇ ಶನಿವಾರ ಛಾಪಖಾನೆಗೆ ರಜೆ ಹೇಳಿ ಲಕ್ಷ್ಮೇಶ್ವರಕ್ಕೆ ಹೋಗಿ, ಅಲ್ಲಿಂದ ಶಿಗ್ಲಿಯ ಬಸ್ಸು ಹಿಡಿದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. “ಕಣ್ಣು ಕಾಣಲಾರದ ನೇಕಾರನ ಮನಿ ಏನ್ರಿ?” ಎಂದು ಬಸ್ ನಿಲ್ದಾಣದಲ್ಲೇ ಒಬ್ಬರು ಕೇಳಿ ದಾರಿ ತೋರಿಸಿದರು.

ಮಗ್ಗದ ಸಪ್ಪಳ ಹೊರಗೇ ಕೇಳುತ್ತಿತ್ತು. ಸದ್ಯ, ಕೆಲಸ ನಿಂತಿಲ್ಲ ಎಂದುಕೊಂಡೆ. ಬಾಗಿಲಲ್ಲಿ ಅವರ ಹೆಂಡತಿ ನೂಲು ಸುತ್ತುತ್ತ ಕುಳಿತಿದ್ದರು.

“ಬೆಟಗೇರಿಯಿಂದ ಪಾಠದ ಮಾಸ್ತರ ಬಂದೇನ್ರಿ ಅಕ್ಕಾರ.”

ಅವರು ರಾಟೆ ನಿಲ್ಲಿಸಲಿಲ್ಲ. “ಫೋನಿನ್ಯಾಗ ಮಾತಾಡಾವ್ರು ನೀವs ಏನು? ಬರ್ರಿ, ಕುಂಡ್ರಿ. ಮೂವತ್ತೈದು ವರ್ಷ ಆತು ಈ ಮನಿಗೆ ಬಂದು. ನನ್ನ ಗಂಡಗ ಕಣ್ಣು ಕಾಣೂದಿಲ್ಲ ಅನ್ನೂ ಖಬರ ನನಗ ಬಾಜೂಮನಿ ಸೊಸಿ ಹೇಳಿದ್ಲು. ಫೋನ್ ತಂದು ತೋರಿಸಿ, ‘ಅತ್ತಿ, ಇದು ಮಾವಾರ ಸುದ್ದಿ ಅಲ್ಲೇನು?’ ಅಂದ್ಲು.”

ಯಾರ ಮುಂದೆಯೂ ಹೇಳಿಲ್ಲ ಎಂದು ನೇಕಾರರು ಬರೆದದ್ದರಲ್ಲಿ ಹೆಂಡತಿಯೂ ಸೇರಿದ್ದರೆಂಬುದು ನನಗೆ ಆವರೆಗೆ ಹೊಳೆದೇ ಇರಲಿಲ್ಲ.

“ಬಿಡು ಅದನ್ನ. ಮಾಸ್ತರ್ರಿಗೆ ನೀರು ಕೊಡು,” ಎಂದು ಒಳಗಿನಿಂದ ನೇಕಾರರ ದನಿ ಬಂತು.

“ನೀವು ಸುಮ್ಕ ಕುಂಡ್ರಿ. ಅವರ ಮುಂದ ಹೇಳಾಕ ಬಾಯಿ ಇತ್ತು, ನನ್ನ ಮುಂದ ಇರಲಿಲ್ಲ!”

ನೀರು ಮಾತ್ರ ಕೊಟ್ಟರು. ಒಳಗೆ ಹೋದೆ. ಮಗ್ಗದ ಮೇಲೆ ಇದ್ದದ್ದು ಸೀರೆಯಲ್ಲ, ಅಂಚೂ ಇಲ್ಲದ ಬಿಳಿ ಟಾವೆಲ್ಲು. ಲಗ್ನದ ಸೀರೆಯ ಹಾಸು ಎರಡು ಮನೆ ಆಚೆಗೆ ಹೋಗಿತ್ತು. ಹಿಂದಿನ ವಾರ ಸಾವಕಾರರೇ ಬಂದು, ಮಾತಾಡಿಸಿ, ಹಣ್ಣು ಕೊಟ್ಟು, ಹಾಸು ಬಿಚ್ಚಿಸಿಕೊಂಡು ಹೋಗಿದ್ದರಂತೆ.

“ತಪ್ಪಾತ್ರಿ ಯಜಮಾನ್ರ,” ಎಂದೆ. “ಭಾಳ ಮಂದಿ ಕೂಡಿ ಪ್ರಾರ್ಥನಾ ಮಾಡಿದ್ರ ಜಲ್ದಿ ಆರಾಮ ಆಗತೇತಿ ಅಂತ...”

ಅವರು ಲಾಳಿಯನ್ನು ಕೈಯಲ್ಲೇ ಹಿಡಿದಿದ್ದರು. ಮುಖ ನನ್ನ ಕಡೆ ಇತ್ತು, ನೋಟ ಸ್ವಲ್ಪ ಪಕ್ಕಕ್ಕೆ.

“ನಾ ನಿಮಗ ಹೇಳಿದ್ನಿರಿ ಮಾಸ್ತರ್ರ. ಮಂದಿಗೆ ಹೇಳಿದ್ದಿಲ್ಲ.”

ಇಷ್ಟೇ ಅಂದದ್ದು. ಬೈದಿದ್ದರೆ ಬೈಸಿಕೊಂಡು ಹಗುರಾಗಿ ಬರುತ್ತಿದ್ದೆ.

ವಾಪಸು ಬರುವಾಗ ಲಕ್ಷ್ಮೇಶ್ವರದಲ್ಲಿ ಇಳಿದು ಸಾವಕಾರರ ಅಂಗಡಿಗೆ ಹೋದೆ. ಕೆಟ್ಟ ಮನುಷ್ಯ ಸಿಕ್ಕಿದ್ದರೆ ಅನುಕೂಲವಿತ್ತು, ಸಿಕ್ಕವರು ಒಳ್ಳೆಯವರು. ಗಾದಿಯ ಮೇಲೆ ಕೂರಿಸಿ ಚಹಾ ತರಿಸಿದರು. ತಮ್ಮ ಫೋನು ತೆಗೆದು ಸೂರ್ಯ ಮತ್ತು ಕಣ್ಣಿನ ಚಿತ್ರ ತೋರಿಸಿದರು. ಅದನ್ನು ಅವರೂ ತಮ್ಮ ಬೀಗರ ಗುಂಪಿಗೆ ಕಳಿಸಿದ್ದರು.

“ನಮ್ಮ ದೇವರಿಗೆ ನಾನೂ ಹರಕಿ ಹೊತ್ತೇನ್ರಿ ಅವಂಗ.”

“ಮತ್ತ ಹಾಸು ಯಾಕ ತಗದ್ರಿ? ಇಷ್ಟು ದಿನ ಅವರ ಸೀರ್‍ಯಾಗ ತಪ್ಪು ಬಂದಿಲ್ಲಲ್ರಿ?”

“ಬಂದಿಲ್ಲ, ಖರೆ. ಆದ್ರ ಈಗ ಗೊತ್ತಾಗೇತಲ್ರಿ. ಇನ್ನ ಮ್ಯಾಲ ಪ್ರತಿ ಸೀರಿ ಬಿಚ್ಚಿ ಬೆಳಕಿಗೆ ಹಿಡೀತೇನಿ. ಹಿಡಿದ್ರ ಏನರೆ ಒಂದು ಕಾಣತೇತಿ. ಲಗ್ನದ ಮನಿಯವರೂ ಆ ಫೋನ್ ನೋಡ್ಯಾರ.” ಫೋನು ಒಳಗಿಟ್ಟು ಅವರೇ ದಾರಿ ಸೂಚಿಸಿದರು. “ಒಂದು ಕೆಲಸ ಮಾಡ್ರಿ. ಆ ಸುದ್ದಿ ಸುಳ್ಳು ಅಂತ ನೀವs ಬರೀರಿ. ನಾಳಿನs ಹಾಸು ಕಳಸ್ತೇನಿ.”

ಗದುಗಿನ ಬಸ್ಸಿನಲ್ಲಿ ಫೋನು ತೆಗೆದು ‘ತಿದ್ದುಪಡಿ’ ಎಂದು ಬರೆದೆ. ಮುಂದೆ ಕೈ ಹೋಗಲಿಲ್ಲ. ಪ್ರಾರ್ಥನೆಯ ಗುಂಪಿನಲ್ಲಿ ಸುಳ್ಳು ಬರೆಯಬಾರದು ಎಂಬ ನಿಷ್ಠೆಯೋ, ಸಿಕ್ಕಿಬಿದ್ದರೆ ಎಂಬ ಹೆದರಿಕೆಯೋ, ನನಗೆ ಇವತ್ತಿಗೂ ತಿಳಿದಿಲ್ಲ. ನನ್ನದಲ್ಲದ ಒಂದು ಸತ್ಯವನ್ನು ಊರಿಗೆಲ್ಲ ಹಂಚಿದವನು, ಅದನ್ನು ಮುಚ್ಚುವ ಒಂದು ಸುಳ್ಳಿಗೆ ಮಾತ್ರ ಮಡಿವಂತನಾದೆ. ಬಸ್ಸು ಊರು ಸೇರುವ ಹೊತ್ತಿಗೆ ಅದನ್ನು ಅಳಿಸಿದ್ದೆ.

ಪ್ರಾರ್ಥನೆಯ ವಿಷಯಗಳನ್ನು ಗುಂಪಿನಲ್ಲಿ ಹಾಕುವುದು ನಿಲ್ಲಿಸೋಣ ಎಂದು ಅಯ್ಯನವರಿಗೆ ಹೇಳಿದೆ. “ಅದನ್ನ ತಗದ್ರ ಉಳಿಯೂದೇನ್ರಿ ಮಾಸ್ತರ್ರ? ಗುಲಾಬಿ ಹೂವು, ಗುಡ್ ಮಾರ್ನಿಂಗ್ ಅಷ್ಟs,” ಎಂದರು. ಆದರೂ ನಡೆದದ್ದನ್ನೆಲ್ಲ ಕೇಳಿದ ಮೇಲೆ ಒಪ್ಪಿದರು. ಈಗ ಹೇಳಬೇಕೆಂದವರು ನನಗೊಬ್ಬನಿಗೇ ಕಳಿಸಬೇಕು, ನಾನು ಮತ್ತು ನನ್ನ ಹೆಂಡತಿ ಓದುತ್ತೇವೆ. ಬರುವುದು ಕಡಿಮೆಯಾಗಿದೆ. ನಂಬುವುದಕ್ಕೆ ಅವರಿಗೆ ಕಾರಣವಾದರೂ ಏನಿದೆ?

ಶಿಗ್ಲಿಯಲ್ಲಿ ಈಗ ನೇಕಾರರ ಹೆಂಡತಿ ಮಗ್ಗದ ಪಕ್ಕದಲ್ಲೇ ಕೂರುತ್ತಾರೆ. ಅಂಚು ಬಂದಾಗ ಎಳೆಗಳನ್ನು ಬಾಯಿಂದ ಎಣಿಸುತ್ತಾರೆ, ಗಂಡ ನೇಯುತ್ತಾರೆ. ಸಾವಕಾರರು ಸಾದಾ ಅಂಚಿನ ಸೀರೆಗಳನ್ನು ಮತ್ತೆ ಕೊಡತೊಡಗಿದ್ದಾರೆ. ಲಗ್ನದ ಸೀರೆ ಬಂದಿಲ್ಲ. ನೋಡಿರಿ, ಕಡೆಗೆ ಒಳ್ಳೆಯದೇ ಆಯಿತಲ್ಲ, ಗಂಡ ಹೆಂಡತಿ ಕೂಡಿ ದುಡಿಯುವಂತಾಯಿತು ಎಂದು ಅಯ್ಯನವರು ನನ್ನನ್ನು ಸಮಾಧಾನಪಡಿಸಿದರು. ನನಗೆ ಒಪ್ಪಿಗೆಯಾಗಲಿಲ್ಲ. ಹೆಂಡತಿಗೆ ಕಣ್ಣಿನ ಮಾತನ್ನು ಹೇಳುವ ದಿನವನ್ನು ನೇಕಾರರು ತಾವೇ ಆರಿಸಿಕೊಳ್ಳುತ್ತಿದ್ದರು. ಆ ದಿನವನ್ನು ನಾನು ಕಸಿದುಕೊಂಡೆ.

ಎರಡನೇ ಶನಿವಾರಗಳಂದು ಶಿಗ್ಲಿಗೆ ಹೋಗಿಬರುತ್ತೇನೆ. ಈಗ ಚಹಾವನ್ನೂ ಕೊಡುತ್ತಾರೆ. ನೇಕಾರರು ಪಾಠ ಬಿಟ್ಟಿಲ್ಲ. ನನ್ನ ಓದಿನಲ್ಲಿ ಜ್ವರ ಇಳಿದಿದೆ ಎಂದು ನಗುತ್ತಾರೆ. ಮಳೆ, ನೂಲು, ಅಳಿಯ, ಎಲ್ಲ ಮಾತಾಗುತ್ತದೆ. ಹೊರಡುವ ಮೊದಲು ನಾನು ಕೇಳುತ್ತೇನೆ.

“ಕಣ್ಣು ಹೆಂಗದಾವ್ರಿ ಯಜಮಾನ್ರ?”

“ಆರಾಮ ಅದಾವ್ರಿ,” ಎನ್ನುತ್ತಾರೆ. ಹೋದ ಸಲ ಹಾಗೆ ಅನ್ನುವಾಗ ಅವರ ಕೈ ಚಾಪೆಯ ಮೇಲೆ ಚಹಾದ ಬಟ್ಟಲನ್ನು ಹುಡುಕುತ್ತಿತ್ತು. ಬಟ್ಟಲು ಒಂದು ಗೇಣು ಆಚೆ ಇತ್ತು. ಸರಿಸಿ ಕೊಡಲೋ, ನೋಡದವನಂತೆ ಇರಲೋ ಎಂದು ನಾನು ಯೋಚಿಸುತ್ತಿರುವಾಗಲೇ ಬೆರಳಿಗೆ ಸಿಕ್ಕಿತು. ಸಾವಕಾರರಿಗೂ ಓಣಿಯವರಿಗೂ ಇಷ್ಟು ವರ್ಷ ಹೇಳುತ್ತ ಬಂದ ಉತ್ತರವನ್ನೇ ಅವರು ಈಗ ನನಗೂ ಹೇಳುತ್ತಾರೆ.